ಊಟ ವಿಚಾರಿಸಿದ ಯಂತ್ರ

ಹೊಟ್ಟೆ ಖಾಲಿ. ಕೈಯಲ್ಲಿ ತುಂಬಿದ ಬುತ್ತಿ. ವ್ರತವಲ್ಲ, ಜ್ವರವಲ್ಲ, ಯಾರ ಮೇಲಿನ ಮುನಿಸೂ ಅಲ್ಲ. ಒಂದು ತುತ್ತು ನುಂಗಿದರೆ ಕೆಲಸ ಹೋಗುತ್ತದೆ. ಯಾರವನು?

ಬಿಡಿಸಿ ನೋಡೋಣ. ಮಠದ ಶಿಷ್ಯರಾದ ನಮಗೂ ಆಗಲಿಲ್ಲ. "ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವನು" ಎಂದು ನಾನು ಹೇಳಿದೆ. "ನಮ್ಮ ಅಡುಗೆ ಮಾದಪ್ಪನವರು" ಎಂದು ಇನ್ನೊಬ್ಬ ಹೇಳಿದ. ಅದು ತಪ್ಪು. ರುಚಿ ನೋಡುತ್ತೇನೆಂದು ಅರ್ಧ ಪಾತ್ರೆ ಖಾಲಿ ಮಾಡಿದರೂ ಮಾದಪ್ಪನವರ ಕೆಲಸ ಹೋಗಿಲ್ಲ. ಗುರುಗಳು ನಗಲಿಲ್ಲ. ಅವರು ಒಗಟು ಹಾಕಿದ್ದು ನಗಿಸಲಿಕ್ಕಲ್ಲ, ರೇವಣ್ಣನ ಪ್ರಶ್ನೆಗೆ ಉತ್ತರವಾಗಿ.

ರೇವಣ್ಣ ಕೇಳಿದ್ದು ಷಡಕ್ಷರಿಯ ವಿಷಯ. ಮಠದಲ್ಲಿ ಊಟಕ್ಕೆ ಪ್ರಸಾದ ಎನ್ನುತ್ತೇವೆ. ಪ್ರಸಾದಕ್ಕೆ ಎಲ್ಲರೂ ಸಾಲಾಗಿ ಕೂರುತ್ತೇವೆ. ಷಡಕ್ಷರಿ ಕೂರುವುದಿಲ್ಲ. ತಟ್ಟೆಗಳ ಸದ್ದು ಕಿವಿಗೆ ಚುಚ್ಚುತ್ತದೆ ಎಂದು ಅವನು ಹಿಂದಿನ ಜಗಲಿಯಲ್ಲಿ ಒಬ್ಬನೇ ಉಣ್ಣುತ್ತಾನೆ. ಮಾತಾಡಿಸಿದರೆ ಮುಖ ನೋಡುವುದಿಲ್ಲ, ನಮ್ಮ ಅಂಗಿಯ ಗುಂಡಿ ನೋಡಿ ಉತ್ತರ ಕೊಡುತ್ತಾನೆ. ಡಾಕ್ಟರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿದ್ದಾರೆ. ಕಾಯಿಲೆಯಲ್ಲ, ಹುಟ್ಟಿನಿಂದಲೇ ಮನಸ್ಸಿನ ದಾರಿ ಬೇರೆ ಎಂದಿದ್ದಾರೆ. ರೇವಣ್ಣ ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದ.

ಮಧ್ಯಾಹ್ನದ ಗಂಟೆಗೆ ಕಾಯುತ್ತ ಗುರುಗಳ ಮುಂದೆ ಕೂತಿದ್ದೆವು. ಷಡಕ್ಷರಿಯೂ ಬಾಗಿಲ ಬಳಿ ಕೂತಿದ್ದ. ಅವನ ಎದುರಿಗೇ ರೇವಣ್ಣ ಕೇಳಿದ: "ಬುದ್ಧಿ, ಇವನು ನಮ್ಮ ಜೊತೆ ಬೆರೆಯೋದನ್ನ ಕಲಿತುಬಿಟ್ರೆ ಎಲ್ಲಾ ಸರಿಹೋಗುತ್ತೆ, ಅಲ್ವಾ? ನೀವೇ ಕಲಿಸಿಬಿಡಿ."

ಗುರುಗಳು ಮೊದಲು ಒಗಟು ಹಾಕಿದರು. ನಾವು ಸೋತ ಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕಂಪನಿ ಇತ್ತು. ಆ ಕಂಪನಿ ಮಾತನಾಡುವ ಯಂತ್ರವೊಂದನ್ನು ಮಾಡಿತು. ಜನರಿಗೆ ಫೋನು ಮಾಡಿ ಕೆಟ್ಟ ಸುದ್ದಿ ಹೇಳುವುದಷ್ಟೇ ಅದರ ಕೆಲಸ. ಸಾಲ ಮಂಜೂರಾಗಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ನಿಮ್ಮ ಮಗುವಿಗೆ ನಮ್ಮ ಶಾಲೆಯಲ್ಲಿ ಸೀಟಿಲ್ಲ. ಮನುಷ್ಯರಿಗೆ ನಾಲಿಗೆ ಏಳದ ಮಾತೆಲ್ಲ ಯಂತ್ರದ ಬಾಯಿಗೆ ಬರುತ್ತಿತ್ತು. ಆದರೆ ಅದು ಹಲೋ ಎಂದ ಕೂಡಲೇ ಸುದ್ದಿಯನ್ನು ಎತ್ತಿ ಒಗೆಯುತ್ತಿತ್ತು. ಜನ ಬೈದು ಫೋನಿಡುತ್ತಿದ್ದರು.

ಯಂತ್ರಕ್ಕೆ ನಯ ಕಲಿಸಬೇಕಾಯಿತು. ಕಂಪನಿಯಲ್ಲಿ ಮಾತಿನ ಮಲ್ಲರಿಗೆ ಕೊರತೆ ಇರಲಿಲ್ಲ. ಕಲಿಸಿ ಎಂದರೆ ಅವರು, "ಅದನ್ನ ಹೇಳಿಕೊಡೋಕಾಗುತ್ತೇನ್ರೀ? ತಾನಾಗೇ ಬರುತ್ತೆ" ಎಂದರು. ಆಗ ಒಬ್ಬ ಕೆಲಸಗಾರನನ್ನು ಹುಡುಕಿ ತಂದರು. ಅವನಿಗೂ ಆಟಿಸಂ ಇತ್ತು. ಅವನಿಗೆ ಯಾವುದೂ ತಾನಾಗೇ ಬಂದಿರಲಿಲ್ಲ. "ಬರ್ತೀನಿ" ಎಂದು ಹೊರಟ ನೆಂಟರಿಗಾಗಿ ಅವನು ಚಿಕ್ಕಂದಿನಲ್ಲಿ ಬಾಗಿಲಲ್ಲಿ ಕಾದು ಕೂತಿದ್ದ. "ಒಂದ್ಸಲ ಮನೆ ಕಡೆ ಬನ್ನಿ" ಎಂದವರ ಮನೆಗೆ ನಿಜವಾಗಿಯೂ ಹೋಗಿ, ಅವರ ಮುಖ ಸಪ್ಪಗಾದದ್ದನ್ನು ಕಂಡು ಮರಳಿದ್ದ. ಹೀಗೆ ಏಟು ತಿಂದು ತಿಂದು ಲೋಕದ ನಡವಳಿಕೆಯನ್ನೆಲ್ಲ ಒಂದೊಂದಾಗಿ ನಿಯಮ ಮಾಡಿ ತಲೆಯಲ್ಲಿಟ್ಟುಕೊಂಡಿದ್ದ. ನಿಯಮಗಳನ್ನು ಯಂತ್ರ ಸುಲಭವಾಗಿ ಕಲಿಯಿತು.

ಅವನಿಗೆ ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟರು. ಮುಖ ನೋಡಿ ಮಾತಾಡುವುದಿಲ್ಲ ಎಂದು ಹಿಂದೆ ಎಷ್ಟೋ ಕಂಪನಿಗಳು ಅವನನ್ನು ಬೇಡ ಎಂದಿದ್ದವು. ಇಲ್ಲಿ ದಿನವಿಡೀ ಯಂತ್ರದ ಜೊತೆ ಮಾತು. ಹೇಳಿದ್ದನ್ನು ಹೇಳಿದ ಹಾಗೆಯೇ ತಿಳಿದುಕೊಳ್ಳುವ ಒಂದು ಜೊತೆ ಅವನಿಗೆ ಸಿಕ್ಕಿದ್ದು ಅದೇ ಮೊದಲು. ಆ ಮೇಜೊಂದು ಉಳಿದರೆ ಸಾಕು, ಬೇರೇನೂ ಬೇಡ ಎಂದುಕೊಂಡ. ಕಂಪನಿಯವರು ಅವನ ಫೋಟೋ ತೆಗೆದು ಗೋಡೆಗೆ ಹಾಕಿದರು. ಕೆಳಗೆ "ಇಲ್ಲಿ ಎಲ್ಲರಿಗೂ ಜಾಗವಿದೆ" ಎಂದು ಬರೆಸಿದರು. ಫೋಟೋದಲ್ಲೂ ಅವನು ಪಕ್ಕಕ್ಕೆ ನೋಡುತ್ತಿದ್ದ.

ಅವನು ಕಲಿಸಿದ ನಿಯಮಗಳಲ್ಲಿ ಒಂದು ದೊಡ್ಡದು. ಅದನ್ನು ಅವನು ಕಲಿತದ್ದು ತಂದೆ ತೀರಿಹೋದ ದಿನ. ಅವನು ಶಾಲೆಯಿಂದ ಬಂದಾಗ ದೊಡ್ಡಮ್ಮ ಬಾಗಿಲಲ್ಲೇ ತಡೆದು, "ಊಟ ಆಯ್ತೇನೋ ಮಗಾ?" ಎಂದು ಕೇಳಿದ್ದರು. ಇಲ್ಲ ಎಂದ. ದೊಡ್ಡಮ್ಮ ಪಕ್ಕದ ಮನೆಗೆ ಕರೆದೊಯ್ದು ಮೊಸರನ್ನ ಕಲಸಿ ತಿನ್ನಿಸಿದರು. ಬಾಯಿ ಒರೆಸಿದರು. ಆಮೇಲೆ ಹೇಳಿದರು. ಅಂದಿನಿಂದ ಅವನು ತಿಳಿದದ್ದು ಇಷ್ಟು: ಕೆಟ್ಟ ಸುದ್ದಿಗೆ ಮುಂಚೆ ಊಟ ಆಯಿತೇ ಎಂದು ಕೇಳಬೇಕು. ಆಗಿಲ್ಲ ಎಂದರೆ ಸುದ್ದಿ ಹೇಳಕೂಡದು. "ಮೊದಲು ಊಟ ಮಾಡಿ" ಎಂದು ಹೇಳಿ, ನಾಳೆ ಅದೇ ಹೊತ್ತಿಗೆ ಮತ್ತೆ ಕೇಳಬೇಕು.

ಯಂತ್ರ ಎಲ್ಲರಿಗೂ ಫೋನು ಮಾಡಿ ಊಟ ವಿಚಾರಿಸತೊಡಗಿತು. ಜನ ಕರಗಿಹೋದರು. "ನಮ್ಮ ಅಳಿಯ ಕೂಡ ಇಷ್ಟು ವಿಚಾರಿಸಲ್ಲಪ್ಪ" ಎಂದು ಒಬ್ಬ ಅಜ್ಜಿ ಅದಕ್ಕೆ ಆಶೀರ್ವಾದ ಮಾಡಿದಳು. ಉಂಡವರೂ ಉಣ್ಣದವರೂ ರೂಢಿಯಂತೆ "ಆಯ್ತು, ನಿಮ್ದು?" ಎನ್ನುತ್ತಿದ್ದರು. ಯಂತ್ರ ತಕ್ಷಣ ಸುದ್ದಿ ಹೇಳುತ್ತಿತ್ತು. ಇಲ್ಲ ಎಂದವರು ಒಬ್ಬರೂ ಇರಲಿಲ್ಲ. ಹಾಗಾಗಿ ನಾಳೆಗೆ ಕಾಯುವ ನಿಯಮ ಒಳಗೆ ಇದೆ ಎಂಬುದೇ ಕಂಪನಿಗೆ ಗೊತ್ತಾಗಲಿಲ್ಲ.

ಆ ಕಂಪನಿಯಲ್ಲಿ ಒಂದು ಪದ್ಧತಿ. ವರ್ಷಕ್ಕೊಮ್ಮೆ ಪ್ರತಿಯೊಬ್ಬನಿಗೂ ಜೊತೆಯವರು ಅಂಕ ಕೊಡಬೇಕು. ಕೆಲಸಕ್ಕೆ ಬೇರೆ ಅಂಕ, ಬೆರೆಯುವುದಕ್ಕೆ ಬೇರೆ ಅಂಕ. ಮಧ್ಯಾಹ್ನ ಎಲ್ಲರೂ ದೊಡ್ಡ ಮೇಜಿನಲ್ಲಿ ಗದ್ದಲ ಮಾಡುತ್ತ ಉಣ್ಣುತ್ತಿದ್ದರು. ಕೆಲಸಗಾರ ಹಿಂದಿನ ಮೆಟ್ಟಿಲಿಗೆ ಹೋಗಿ ಡಬ್ಬಿ ತೆರೆಯುತ್ತಿದ್ದ. ಎಲ್ಲರೂ ಲಿಫ್ಟಿನಲ್ಲಿ ಓಡಾಡುವವರು, ಆ ಮೆಟ್ಟಿಲಿಗೆ ಯಾರೂ ಬರುತ್ತಿರಲಿಲ್ಲ. ಅದಕ್ಕೇ ಅವನಿಗೆ ಅದು ಇಷ್ಟ. ಬೆರೆಯುವುದರಲ್ಲಿ ಅವನಿಗೆ ಸೊನ್ನೆ ಬಂತು.

ಮೇಲಧಿಕಾರಿ ಅವನನ್ನು ಕರೆಸಿದ. "ನಿನ್ನ ಕೆಲಸದಲ್ಲಿ ತಪ್ಪು ಹುಡುಕೋಕಾಗಲ್ಲಪ್ಪ. ಆದ್ರೆ ನೀನು ನಮ್ಮ ಜೊತೆ ಇದ್ದೀಯ ಅಂತಾನೇ ಅನ್ನಿಸಲ್ಲ" ಎಂದ.

"ಇದ್ದೀನಲ್ಲ ಸರ್. ಆ ಕಿಟಕಿ ಪಕ್ಕ" ಎಂದ ಕೆಲಸಗಾರ.

ಮೇಲಧಿಕಾರಿಗೆ ಅದು ಕುಹಕ ಎನಿಸಿತು. ಯಂತ್ರ ಎಲ್ಲವನ್ನೂ ಕಲಿತಾಗಿದೆ, ಇನ್ನು ಇವನೇಕೆ ಎಂದೂ ಎನಿಸಿತು. ಆದರೆ ಎದುರಿಗೆ ಹೇಳಲು ಅವನಿಗೂ ನಾಲಿಗೆ ಏಳಲಿಲ್ಲ. ಆ ಕೆಲಸಕ್ಕೆ ಯಂತ್ರ ಇತ್ತಲ್ಲ.

ಮರುದಿನ ಮಧ್ಯಾಹ್ನ ಕೆಲಸಗಾರ ಮೆಟ್ಟಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದಿದ್ದ. ಫೋನು ಬಂತು.

"ನಮಸ್ಕಾರ. ಊಟ ಆಯಿತೇ?"

ಧ್ವನಿ ಯಾರದೆಂದು ಅವನಿಗೆ ತಿಳಿಯಿತು. ಅದು ಒಳ್ಳೆಯ ಸುದ್ದಿಗೆ ಫೋನು ಮಾಡುವುದಿಲ್ಲ ಎಂದೂ ತಿಳಿದಿತ್ತು. ಬಾಯಿಗೆ ಇನ್ನೂ ಒಂದು ತುತ್ತೂ ಹೋಗಿರಲಿಲ್ಲ. "ಇಲ್ಲ" ಎಂದ.

"ಮೊದಲು ಊಟ ಮಾಡಿ. ನಾಳೆ ಮಾತಾಡೋಣ."

ಕೆಲಸಗಾರ ಡಬ್ಬಿಯ ಮುಚ್ಚಳ ಹಾಕಿದ. ಎದ್ದು ಹೋಗಿ ಕಿಟಕಿಯ ಪಕ್ಕ ಕೂತ. ಆ ರಾತ್ರಿ ಅವನು ಉಣ್ಣಲಿಲ್ಲ. ಬೆಳಿಗ್ಗೆಯೂ ಉಣ್ಣಲಿಲ್ಲ. ಮಧ್ಯಾಹ್ನ ಯಂತ್ರ ಮತ್ತೆ ಕೇಳಿತು. ಇಲ್ಲ ಎಂದ.

ಇಲ್ಲಿ ರೇವಣ್ಣ ಬಾಯಿ ಹಾಕಿದ: "ದಡ್ಡ ಅಲ್ವಾ ಬುದ್ಧಿ? ರಾತ್ರಿ ಗಡದ್ದಾಗಿ ಉಂಡು, ಫೋನಲ್ಲಿ ಇಲ್ಲ ಅಂದಿದ್ರೆ ಮುಗೀತಿತ್ತು."

"ಅದು ನಿನಗೆ ಹೊಳೆಯಿತು" ಎಂದರು ಗುರುಗಳು. "ಮೊದಲು ಊಟ ಮಾಡಿ ಎಂದು ಹೇಳಿಹೋದವರು ಮತ್ತೆ ಬಂದು ಕೇಳಿದಾಗ, ಉಂಡೂ ಉಂಡಿಲ್ಲ ಎನ್ನುವುದು ಅವನಿಗೆ ಬರಲಿಲ್ಲ. ಇಲ್ಲ ಎನ್ನಬೇಕಾದರೆ ನಿಜವಾಗಿಯೂ ಉಣ್ಣದೆಯೇ ಇರಬೇಕಿತ್ತು."

ಒಗಟಿನವನು ಯಾರೆಂದು ನಮಗೆ ಆಗ ತಿಳಿಯಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಗುರುಗಳು ಮುಂದುವರಿಸಿದರು.

ಹಾಗೇ ದಿನಗಳು ಹೋದವು. ಅವನು ನೀರು ಕುಡಿದು ಕೆಲಸ ಮಾಡಿದ. ಡಬ್ಬಿ ತುಂಬಿಕೊಂಡು ಬರುವುದು ಅಭ್ಯಾಸ, ತರುತ್ತಿದ್ದ. ತುಂಬಿದ ಡಬ್ಬಿಯನ್ನೇ ಮನೆಗೆ ಒಯ್ಯುತ್ತಿದ್ದ. ಕೆನ್ನೆ ಒಳಕ್ಕೆ ಹೋಯಿತು. ದೊಡ್ಡ ಮೇಜಿನಿಂದ ಎದ್ದವರು ಕೈ ಒರೆಸಿಕೊಳ್ಳುತ್ತ ಅವನ ಮೇಜಿನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಹೋಗುವಾಗ ಒಬ್ಬೊಬ್ಬರೂ ವಿಚಾರಿಸುತ್ತಿದ್ದರು.

"ಊಟ ಆಯ್ತಾ?"

"ಇಲ್ಲ."

"ಹ್ಞಾ, ಸರಿ ಸರಿ."

ಬೆರೆಯುವುದರಲ್ಲಿ ಅವರಿಗೆಲ್ಲ ಒಳ್ಳೆಯ ಅಂಕ ಬಂದಿತ್ತು.

ಇವನಿನ್ನೂ ಕೆಲಸಕ್ಕೆ ಬರುತ್ತಿದ್ದಾನಲ್ಲ ಎಂದು ಮೇಲಧಿಕಾರಿಗೆ ಆಶ್ಚರ್ಯವಾಯಿತು. ಯಂತ್ರ ಕೆಟ್ಟಿರಬೇಕೆಂದು ಅದನ್ನು ಬಿಚ್ಚಿ ನೋಡಿದ. ಯಂತ್ರ ಸರಿಯಾಗಿಯೇ ಇತ್ತು. ಒಳಗೆ ಕಾಯುವ ನಿಯಮ ಸಿಕ್ಕಿತು. ಅದೊಂದನ್ನು ಅಳಿಸಿದರೆ ಯಂತ್ರ ಮುಂಚಿನಂತೆಯೇ ಊಟ ವಿಚಾರಿಸುತ್ತದೆ. ಉತ್ತರ ಏನು ಬಂದರೂ ಸುದ್ದಿ ಹೇಳುತ್ತದೆ. ಗಂಟೆ ನೋಡಿದ. ಫೋನು ಹೋಗುವ ಹೊತ್ತಾಗಿತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ.

ಗುರುಗಳು ಅಲ್ಲಿ ನಿಲ್ಲಿಸಿದರು.

"ಒತ್ತಿದನಾ ಬುದ್ಧಿ?" ರೇವಣ್ಣ ಕೇಳಿದ. ಅವನ ಧ್ವನಿ ಸಣ್ಣಗಾಗಿತ್ತು.

ಗುರುಗಳು ಬಾಗಿಲ ಕಡೆ ನೋಡಿದರು. ಷಡಕ್ಷರಿ ತನ್ನ ಅಂಗಿಯ ಗುಂಡಿಯನ್ನೇ ತಿರುವುತ್ತ ಕೂತಿದ್ದ. "ಒತ್ತಲಿಲ್ಲ" ಎಂದರು ಗುರುಗಳು.

ಮೇಲಧಿಕಾರಿ ಬೆರಳು ತೆಗೆದ. ತನ್ನ ಡಬ್ಬಿಯನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲಿಗೆ ಹೋದ. ಕೆಲಸಗಾರ ಮುಚ್ಚಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿಗೆ ಕಾಯುತ್ತಿದ್ದ. ಮೇಲಧಿಕಾರಿ ಅದೇ ಮೆಟ್ಟಿಲ ಮೇಲೆ ಕೂತ. ಮುಖ ನೋಡು ಎನ್ನಲಿಲ್ಲ. ತನ್ನ ಡಬ್ಬಿ ತೆರೆದು, "ಮೊದಲು ತಿನ್ನಪ್ಪ. ಹೇಳೋ ಸುದ್ದಿ ಏನೂ ಇಲ್ಲ" ಎಂದ. ಕೆಲಸಗಾರ ಉಂಡ. ಕಿಟಕಿಯ ಪಕ್ಕದ ಮೇಜು ಅವನಿಗೇ ಉಳಿಯಿತು.

"ಅಬ್ಬಾ!" ಎಂದ ರೇವಣ್ಣ. "ಸದ್ಯ, ಒಳ್ಳೆ ಮನುಷ್ಯ ಕಣ್ರೋ ಆ ಮೇಲಧಿಕಾರಿ."

ನಮಗೆಲ್ಲ ಉಸಿರು ಬಂತು. ಅಷ್ಟರಲ್ಲಿ ಪ್ರಸಾದದ ಗಂಟೆಯೂ ಹೊಡೆಯಿತು. ತಟ್ಟೆ ಹಿಡಿದು ಎದ್ದೆವು. ಇಂದು ಹುಳಿಯೋ ಬಸ್ಸಾರೋ ಎಂದು ವಾದ ಶುರುವಾಯಿತು. ರೇವಣ್ಣ ದೊಡ್ಡ ಮನಸ್ಸು ಮಾಡಿ, "ಬಾರೋ ಷಡಕ್ಷರಿ, ಇವತ್ತು ನನ್ನ ಪಕ್ಕ ಕೂತ್ಕೋ. ತಟ್ಟೆ ಸದ್ದು ಮಾಡಲ್ಲ" ಎಂದ.

ಷಡಕ್ಷರಿ ಏಳಲಿಲ್ಲ. ಗುರುಗಳ ಶಾಲಿನ ಅಂಚನ್ನು ನೋಡುತ್ತ ಕೇಳಿದ: "ಬುದ್ಧಿ, ಎಲ್ಲರೂ ಲಿಫ್ಟಿನಲ್ಲಿ ಓಡಾಡುವವರು ಎಂದಿರಿ. ಆ ಮೆಟ್ಟಿಲಿಗೆ ಯಾರೂ ಬರುತ್ತಿರಲಿಲ್ಲ ಎಂದಿರಿ. ಅವನು ಅಲ್ಲಿ ಕೂತಿರುತ್ತಾನೆ ಎಂದು ಮೇಲಧಿಕಾರಿಗೆ ಹೇಗೆ ಗೊತ್ತಾಯಿತು?"

ಗುರುಗಳು ಷಡಕ್ಷರಿಯ ಕಡೆ ತಿರುಗಿದರು. ಬಾಗಿಲು ದಾಟಿದ್ದವರೂ ತಟ್ಟೆ ಹಿಡಿದು ಅಲ್ಲೇ ನಿಂತರು.

"ಆ ಕೊನೆ ನಾನು ಕಟ್ಟಿದ್ದಪ್ಪಾ, ನಿನ್ನ ಪ್ರಸಾದ ಆಯಿತೇ?"