ಗಟ್ಟಿಮೇಳದ ಕೆಮ್ಮು

“ಬುದ್ದಿ, ಒಂದನ್ನು ಬಿಡಲು ಇನ್ನೊಂದನ್ನು ಹಿಡಿದರೆ, ಅದು ಬಿಟ್ಟ ಹಾಗಾಗುತ್ತದೆಯೇ?”

ಬೆಟ್ಟದ ಮೇಲಿನ ಮಠದಲ್ಲಿ ಅಡುಗೆ ನೋಡಿಕೊಳ್ಳುವ ಶಿವಮಲ್ಲ, ತಲೆಯ ಮೇಲಿನ ಅಕ್ಕಿ ಚೀಲ ಇಳಿಸುವ ಮೊದಲೇ ಗುರುಗಳನ್ನು ಹೀಗೆ ಕೇಳಿದ. ಮೆಟ್ಟಿಲ ದಾರಿಯ ನಡುವೆ ಒಂದು ಕಲ್ಲಿನ ಮಂಟಪವಿದೆ. ಹತ್ತು ವರ್ಷದಿಂದ ಅವನು ಅಲ್ಲಿ ಚೀಲ ಇಳಿಸಿ, ಏದುಸಿರು ಬಿಟ್ಟು, ಒಂದು ಬೀಡಿ ಸೇದಿಯೇ ಮೇಲೆ ಬರುತ್ತಿದ್ದ. ಬೀಡಿ ಬಿಟ್ಟು ಈಗ ಒಂದು ತಿಂಗಳು. ಬೀಡಿಯ ಚಪಲ ತಗ್ಗಲೆಂದು ಆಸ್ಪತ್ರೆಯಲ್ಲಿ ಅಗಿಯಲು ಕೊಟ್ಟ ನಿಕೋಟಿನ್ ಗಮ್ ಜೇಬಿನಲ್ಲಿತ್ತು. ಇವತ್ತು ಅವನ ತಲೆಯಲ್ಲಿ ಈ ಪ್ರಶ್ನೆಯೊಂದೇ ಇತ್ತು. ಕೆಳಗಿನಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದಿದ್ದ.

“ಅಡುಗೆಮನೆಯಲ್ಲಿ ಎಲ್ಲರೂ ನಗುತ್ತಾರೆ ಬುದ್ದಿ. ಹೊಗೆ ಬಿಟ್ಟು ಅಂಟು ಹಿಡಿದ ಅನ್ನುತ್ತಾರೆ. ಇವತ್ತೇ ಇದನ್ನು ಒಲೆಗೆ ಹಾಕಿಬಿಡುತ್ತೇನೆ.”

ಗುರುಗಳು ನಕ್ಕರು. “ಹಾಕುವೆಯಂತೆ. ಒಲೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕೂತುಕೋ” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾಲಗದವನಿದ್ದ. ಅವನು ನಾಗಸ್ವರಕ್ಕೆ ಉಸಿರು ತುಂಬಿದರೆ ಮದುವೆ ಮನೆಯವರು ಊಟದ ಎಲೆ ಮರೆತು ಕೂರುತ್ತಿದ್ದರು. ತಂಗಿಗೆ ಮಗಳು ಹುಟ್ಟಿದಾಗ, ‘ಇವಳ ಮದುವೆಯ ಗಟ್ಟಿಮೇಳ ನನ್ನದೇ’ ಎಂದು ತೊಟ್ಟಿಲ ಮುಂದೆ ಮಾತು ಕೊಟ್ಟಿದ್ದ. ಆದರೆ ಬೀಡಿ ಅವನ ಎದೆಯನ್ನು ತಿಂದುಹಾಕಿತ್ತು. ಆ ಹುಡುಗಿಗೆ ಗಂಡು ಗೊತ್ತಾಗುವ ಹೊತ್ತಿಗೆ ಅವನಿಗೆ ಅರ್ಧ ಕೀರ್ತನೆಗೇ ಉಸಿರು ಕಟ್ಟುತ್ತಿತ್ತು.

ಹೆದರಿ ವೈದ್ಯರ ಬಳಿ ಹೋದ. ಅವರು ಗಮ್ ಕೊಟ್ಟರು. ಅವನು ಅದನ್ನು ಎಲೆ ಅಡಿಕೆಯಂತೆ ಕಚಪಚ ಜಗಿದು ರಸ ನುಂಗಿದ. ದಿನವಿಡೀ ಬಿಕ್ಕಳಿಕೆ. ಮರುದಿನ ವೈದ್ಯರು, ‘ಇದು ತಾಂಬೂಲವಲ್ಲ ಮಾರಾಯ. ನಿಧಾನವಾಗಿ ಅಗಿ. ಬಾಯಿ ಚುರುಗುಟ್ಟಿದರೆ ನಿಲ್ಲಿಸಿ ಕೆನ್ನೆಯ ಸಂದಿಯಲ್ಲಿ ಇಟ್ಟುಕೋ’ ಎಂದರು. ಹಾಗೇ ಮಾಡಿದ. ಬೀಡಿಯ ಚಪಲ ತಗ್ಗಿತು. ಇಪ್ಪತ್ತು ದಿನಕ್ಕೆ ನಾಗಸ್ವರ ಮತ್ತೆ ಅವನ ಮಾತು ಕೇಳತೊಡಗಿತು.

ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಒಬ್ಬ ವ್ಯಾಪಾರಿ ಎಲ್ಲರೆದುರು ಕೆಣಕಿದ. ‘ಏನಯ್ಯಾ, ಬೀಡಿ ಬಿಟ್ಟೆ ಅಂತೀಯ, ಎಮ್ಮೆ ಹಾಗೆ ಮೆಲುಕು ಹಾಕ್ತೀಯ. ಅದರಲ್ಲೂ ಇರೋದು ಅದೇ ಅಲ್ವಾ? ಗಂಡಸಾದವನು ಒಂದೇ ಏಟಿಗೆ ಬಿಡ್ತಾನೆ.’

ಆ ಮಾತು ನಾಟಿತು. ವಾಲಗದವನು ಎದ್ದು ನಿಂತು ಪೊಟ್ಟಣವನ್ನು ಚರಂಡಿಗೆ ಎಸೆದ. ‘ಇನ್ನು ನನಗೆ ಯಾವುದೂ ಬೇಡ’ ಎಂದ. ಹೋಟೆಲಿನಲ್ಲಿದ್ದವರೆಲ್ಲ ಭೇಷ್ ಎಂದರು. ಸಂಜೆಯೊಳಗೆ ಊರೆಲ್ಲ ಸುದ್ದಿ. ಮೂರನೆಯ ದಿನ ಅವನು ಕೆರೆ ಏರಿಯ ಹಿಂದೆ ಕೂತು ಬೀಡಿ ಸೇದಿದ. ಮತ್ತೆ ಗಮ್ ಕೇಳೋಣವೆಂದರೆ, ಊರಿಗೆ ಗೊತ್ತಾದರೆ ಹೆಸರು ಕೆಡುತ್ತದೆ. ಬೀಡಿಯಾದರೆ ಕದ್ದು ಸೇದಬಹುದು. ಸೇದಿ, ಏಲಕ್ಕಿ ಜಗಿದು, ಹೊಗಳಿಕೆ ಕೇಳುತ್ತಾ ಓಡಾಡಿದ.

ಮದುವೆ ಬಂತು. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈಯೆತ್ತಿದರು. ತಾಳಿ ಕಟ್ಟುವ ಹೊತ್ತಿನಲ್ಲಿ ಸೀನು, ಕೆಮ್ಮು ಯಾರ ಕಿವಿಗೂ ಬೀಳಬಾರದೆಂದೇ ಗಟ್ಟಿಮೇಳ. ಅವತ್ತು ಕೆಮ್ಮಿದವನು ವಾಲಗದವನೇ. ನಾಗಸ್ವರ ಬಾಯಿಂದ ಜಾರಿತು. ಪಕ್ಕದ ಡೋಲಿನವನು ಕೈ ಕಿತ್ತುಬರುವಂತೆ ಬಾರಿಸಿದರೂ ಆ ಕೆಮ್ಮು ಮುಚ್ಚಲಿಲ್ಲ. ಹಸೆಯ ಮೇಲೆ ಕೂತಿದ್ದ ಹುಡುಗಿ ತಲೆಯೆತ್ತಿ ಸೋದರಮಾವನನ್ನು ನೋಡಿದಳು.

ಚಪ್ಪರದ ಹಿಂದೆ ಡೋಲಿನವನು ಅವನ ಬೆನ್ನು ನೀವುತ್ತಾ ಹೇಳಿದ: ‘ಅಣ್ಣಾ, ನೀನು ಬಿಟ್ಟೆ ಅಂತ ಊರೆಲ್ಲ ಹೇಳ್ತದೆ. ನಿನ್ನ ಉಸಿರು ಮಾತ್ರ ಹೇಳ್ತಾ ಇಲ್ಲ.’

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಆಮೇಲೆ ಬುದ್ದಿ?”

“ಆಮೇಲೇನು? ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋದ. ಅದೇ ಹೋಟೆಲಿನಲ್ಲಿ, ಆ ವ್ಯಾಪಾರಿಯ ಎದುರೇ ಕೂತು ಗಮ್ ಅಗಿದ. ವೈದ್ಯರು ಹೇಳಿದಂತೆ ವಾರದಿಂದ ವಾರಕ್ಕೆ ಕಡಿಮೆ ಮಾಡಿದ. ಕೊನೆಗೆ ಅದೂ ಬಿಟ್ಟುಹೋಯಿತು. ಯಾವ ದಿನ ಎಂದು ಅವನಿಗೇ ನೆನಪಿಲ್ಲ. ಎಷ್ಟೋ ಮದುವೆಗಳಿಗೆ ಗಟ್ಟಿಮೇಳ ನುಡಿಸಿದ. ತಂಗಿಯ ಮಗಳ ಮದುವೆ ಮಾತ್ರ ಮತ್ತೆ ಬರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.”

ಶಿವಮಲ್ಲ ಜೇಬಿನ ಪೊಟ್ಟಣ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. “ಹಾಗಾದರೆ ನಾನು ಬಿಟ್ಟಿದ್ದೇನೋ ಇಲ್ಲವೋ, ಅದನ್ನಾದರೂ ಹೇಳಿ ಬುದ್ದಿ.”

ಗುರುಗಳು ಅಕ್ಕಿ ಚೀಲವನ್ನೊಮ್ಮೆ, ಕೆಳಗಿನ ಮೆಟ್ಟಿಲುಗಳನ್ನೊಮ್ಮೆ ನೋಡಿದರು.

“ಇವತ್ತು ಈ ಚೀಲ ಹೊತ್ತು ಬರುವಾಗ ಮಂಟಪದಲ್ಲಿ ಎಷ್ಟು ಹೊತ್ತು ಕೂತಿದ್ದೆ?”