ಎಲ್ಮಾಸ್ ಬೆಟ್ಟ ಹತ್ತಿದ್ದು

ಬಾ ಪುಟ್ಟಿ, ಕಾಲು ಒಳಗೆ ಹಾಕ್ಕೋ, ಹೊದಿಕೆ ಎಳ್ಕೋ. ಇವತ್ತು ದೂರದ ಕತೆ ಹೇಳ್ತೀನಿ, ತುರ್ಕಿ ದೇಶದ್ದು. ಹೂಂಗುಟ್ತಾ ಇರಬೇಕು ಮತ್ತೆ. ನೀನು ಹೂಂಗುಟ್ಟೋದು ನಿಲ್ಲಿಸಿದ್ರೆ ಕತೇನೂ ಅಲ್ಲೇ ಕೂತ್ಕೊಂಡ್ಬಿಡುತ್ತೆ.

ಒಂದಾನೊಂದು ಕಾಲ ಅಂದ್ರೆ ಎಂಥಾ ಕಾಲ ಅಂತೀಯ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರೇ ಇಟ್ಟಿರದ ಕಾಲ. ಆಗ ಆ ಸೀಮೇಲಿ ಕುರಿ ಕಾಯೋರ ಒಂದು ಕುಲ ಇತ್ತಂತೆ. ಅವರಿಗೆ ಊರು ಅಂತ ಒಂದಿಲ್ಲ. ಬೇಸಗೆ ಬಂತೋ, ಗುಡಾರ ಕಿತ್ತು ಒಂಟೆ ಮೇಲೆ ಹೇರ್ಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹತ್ತೋರು, ಹಿಮ ಬೀಳೋಕೆ ಮುಂಚೆ ಮತ್ತೆ ಕೆಳಗಿನ ಬಯಲಿಗೆ ಇಳಿಯೋರು. ಆ ಕುಲಕ್ಕೆ ತುರ್ಗುತ್ ಬೇಗ ಅಂತ ಒಬ್ಬ ಯಜಮಾನ. ಬೇಗ ಅಂದ್ರೆ ನಮ್ಮ ಕಡೆ ಪಾಳೇಗಾರರು ಇದ್ರಲ್ಲ, ಹಾಗೆ. ಅವನು ಕೆಮ್ಮಿದ್ರೆ ನಾಯಿ ಕೂಡ ಬೊಗಳೋದು ನಿಲ್ಲಿಸ್ತಿತ್ತಂತೆ. ಅವನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡವನು ಬೆಕಿರ್, ಮೂಗಿನ ತುದೀಲೇ ಕೋಪ. ನಡುವಿನವನು ದೊಡ್ಡವನು ಹೇಳಿದ್ದಕ್ಕೆಲ್ಲ ತಲೆಯಾಡಿಸೋನು. ಚಿಕ್ಕವನು ಇಲ್ಯಾಸ್, ಅವನಿಗೆ ತಂಗಿ ಅಂದ್ರೆ ಪ್ರಾಣ. ಆ ತಂಗೀನೇ ಎಲ್ಮಾಸ್. ಎಲ್ಮಾಸ್ ಅಂದ್ರೆ ಅವರ ಮಾತಲ್ಲಿ ವಜ್ರ. ಹೆಸರಿಗೆ ತಕ್ಕ ಹುಡುಗಿ, ಹೊಳಪೂ ಇತ್ತು, ಗಟ್ಟಿತನಾನೂ ಇತ್ತು.

ಎಲ್ಮಾಸ್ ಮದುವೆ ವಯಸ್ಸಿಗೆ ಬಂದಾಗ, ಮದುವೆ ಗುಡಾರಕ್ಕೆ ಬಿಳಿ ಕಂಬಳಿ ಮಾಡಿಸ್ಕೊಂಡು ಬಾ ಅಂತ ಅವರಮ್ಮ ಅವಳನ್ನೇ ಕಳಿಸಿದ್ಲಂತೆ. ಆ ಕಡೆ ಕಂಬಳಿ ನೇಯೋದಿಲ್ಲ ಪುಟ್ಟಿ, ಉಣ್ಣೆ ಹರಡಿ, ಬಿಸಿನೀರು ಚಿಮುಕಿಸಿ, ಸುತ್ತಿ ಸುತ್ತಿ ತುಳೀತಾರೆ, ಅದು ಗಟ್ಟಿಯಾಗಿ ಹಲಗೆ ಥರ ಆಗುತ್ತೆ. ಆ ಕೆಲಸ ಮಾಡೋನು ದುರ್ಸುನ್ ಅಂತ ಒಬ್ಬ ಹುಡುಗ. ದುರ್ಸುನ್ ಅಂದ್ರೆ ಉಳೀಲಿ ಅಂತ. ಹಿಂದಿನ ಮಕ್ಕಳು ಹೋದ್ರೆ ನಮ್ಮಲ್ಲಿ ತಿಪ್ಪ, ಗುಂಡ ಅಂತ ಹೆಸರಿಡ್ತಾರಲ್ಲ, ಇದೂ ಅಂಥದ್ದೇ ಹೆಸರು. ಅಪ್ಪ ಇಲ್ಲ, ಅಮ್ಮ ಇಲ್ಲ, ಎರಡು ಕೈ, ಎರಡು ಕಾಲು, ಒಂದು ಹಾಡೋ ಗಂಟಲು, ಅಷ್ಟೇ ಅವನ ಆಸ್ತಿ.

ಯಾರ ಮದುವೆಗೆ ಇದು ಅಂತ ಕೇಳಿದ್ನಂತೆ. ನನ್ನದೇ ಅಂದ್ಲಂತೆ. ಹುಡುಗ ಯಾರು ಅಂದ್ರೆ, ಇನ್ನೂ ಗೊತ್ತಿಲ್ಲ, ನೀನು ತುಳಿಯೋದು ಬಿಟ್ಟು ಮಾತಾಡ್ತಾ ನಿಂತ್ರೆ ಅವನು ಬಂದು ಹೋದ ಮೇಲೆ ಕಂಬಳಿ ಆಗುತ್ತೆ ಅಂದ್ಲಂತೆ. ಅವನಿಗೆ ನಗು ಬಂತು, ಅವಳಿಗೂ ಬಂತು. ಆಮೇಲೆ ಮಾರನೇ ದಿನ ಕಂಬಳಿ ಎಷ್ಟಾಯ್ತು ನೋಡೋಣ ಅಂತ ಬಂದ್ಲು, ಅದರ ಮಾರನೇ ದಿನಾನೂ ಬಂದ್ಲು. ಅಂಚು ಸರಿ ಬಂದಿಲ್ಲ ಅಂತ ಅವನು ಬಿಚ್ಚೋನು, ಹೂವಿನ ಚಿತ್ತಾರ ಸರಿ ಬಂದಿಲ್ಲ ಅಂತ ಅವಳು ಬಿಚ್ಚಿಸೋಳು. ಮುಗೀಬೇಕಾದ ಕಂಬಳಿ ಮುಗೀಲೇ ಇಲ್ಲ. ಇಡೀ ಕುಲಕ್ಕೆ ಅರ್ಥ ಆಯ್ತು, ಬೇಗನಿಗೆ ಕೊನೇಲಿ ಅರ್ಥ ಆಯ್ತು.

ಅಷ್ಟು ಹೊತ್ತಿಗೆ ಪೇಟೆ ಸಾಹುಕಾರನ ಮಗನ ಕಡೆಯಿಂದ ಹೆಣ್ಣು ಕೇಳೋಕೆ ಬಂದಿದ್ರಂತೆ. ತುರ್ಗುತ್ ಬೇಗ ಹೂಂ ಅನ್ನೋಕೆ ಹೊರಟ. ಎಲ್ಮಾಸ್ ನೀರಿನ ತಂಬಿಗೆ ಹಿಡ್ಕೊಂಡು ಬಂದವಳು ಅಲ್ಲೇ ನಿಂತು, ಅಪ್ಪಾ, ಕುರಿ ಮಾರೋವಾಗ್ಲೂ ನೀವು ಕಾಯೋನನ್ನ ಒಂದು ಮಾತು ಕೇಳ್ತೀರಿ, ನನ್ನನ್ನ ಕೇಳಲೇ ಇಲ್ವಲ್ಲ ಅಂದ್ಲಂತೆ. ಬಂದವರೆಲ್ಲ ನೆಲ ನೋಡಿದ್ರು. ಕೇಳಿದ್ರೆ ಏನಂತೀಯ ಅಂದ ಅಪ್ಪ. ದುರ್ಸುನ್ ಅಂತೀನಿ ಅಂದ್ಲು.

ಬೆಕಿರ್ ಚಾಕು ಹಿರಿದ. ಅಪ್ಪ ಕೈ ಎತ್ತಿ ತಡೆದ. ಜನರ ಮುಂದೆ ಮಗಳ ಮೇಲೆ ಕೂಗಾಡಿದ್ರೆ ಮರ್ಯಾದೆ ಹೋಗುತ್ತೆ ಅಂತ ಅವನಿಗೆ ಗೊತ್ತಿತ್ತು. ಸರಿ, ಮೂರು ಪಂಥ ಒಡ್ತೀನಿ, ಗೆದ್ದರೆ ಮಗಳು ಅವನಿಗೆ, ಸೋತರೆ ಅವನು ಈ ಬೆಟ್ಟ ಬಿಟ್ಟು ಹೋಗಬೇಕು ಅಂದ್ನಂತೆ. ಕರೆಸಿ ಹೇಳಿದಾಗ, ಅಪ್ಪಣೆ ಒಡೆಯಾ ಅಂದ ದುರ್ಸುನ್.

ಮೊದಲನೇದು ಕುದುರೆ. ಬೇಗನ ಹತ್ರ ಬೂದು ಬಣ್ಣದ ಒಂದು ಹೆಣ್ಣು ಕುದುರೆ ಇತ್ತು, ಮೂರೂ ಜನ ಅಣ್ಣಂದಿರನ್ನ ಕೆಡವಿತ್ತು. ಇದರ ಮೇಲೆ ಕೂತ್ಕೊಂಡು ನನ್ನ ಗುಡಾರದ ಮುಂದೆ ಬಾ ಅಂದ ಬೇಗ. ದುರ್ಸುನ್ ಹತ್ತೋಕೇ ಹೋಗ್ಲಿಲ್ಲ. ಅಂಗೈಲಿ ಉಪ್ಪು ಇಟ್ಕೊಂಡು ಅದರ ಪಕ್ಕ ಕೂತ, ಅದು ಮೇದ ಕಡೆ ಹೋದ, ಅದು ನೀರು ಕುಡಿದ ಕಡೆ ಕುಡಿದ, ಕಂಬಳಿ ತುಳಿಯೋ ಹಾಡನ್ನೇ ಹಾಡಿದ. ಜನ ನಕ್ಕರು. ಆಮೇಲೊಂದು ಬೆಳಿಗ್ಗೆ ನೋಡಿದ್ರೆ ಲಗಾಮಿಲ್ಲ, ಜೀನಿಲ್ಲ, ಅದರ ಮೇಲೆ ಕೂತು ತಣ್ಣಗೆ ನಡೆಸ್ಕೊಂಡು ಬರ್ತಿದಾನೆ. ಬೇಗ ಮಾತಿಗೆ ತಪ್ಪೋನಲ್ಲ, ಕುದುರೇನ ಮಗಳಿಗೇ ಕೊಟ್ಟ.

ಎರಡನೇದು ಹಿಮ. ಕೆಳಗೆ ಬಯಲಲ್ಲಿ ನನ್ನ ನಂಟನಿದಾನೆ, ಅಲ್ಲೀಗ ಬಿಸಿಲಿಗೆ ಕಲ್ಲು ಸಿಡೀತಿದೆ, ಶಿಖರದ ಹಿಮ ಒಂದು ಬುಟ್ಟಿ ತಗೊಂಡ್ಹೋಗಿ ಕರಗದ ಹಾಗೆ ಕೊಟ್ಟು ಬಾ ಅಂದ ಬೇಗ. ದುರ್ಸುನ್ ತಲೆ ಮೇಲೆ ಕೈ ಹೊತ್ತು ಕೂತ. ಎಲ್ಮಾಸ್ ಬಂದು, ಅಯ್ಯೋ ಪೆದ್ದಪ್ಪ, ಅದಕ್ಕೆ ಕಂಬಳಿ ಸುತ್ತು ಅಂದ್ಲಂತೆ. ಕಂಬಳಿ ಸುತ್ತಿದ್ರೆ ಬೆಚ್ಚಗಾಗಲ್ವಾ ಅಂದ. ಬೆಚ್ಚಗೆ ಮಾಡೋದು ಕಂಬಳಿಯಲ್ಲ, ಒಳಗಿರೋ ಮನುಷ್ಯ, ಹಿಮ ತಣ್ಣಗಿದ್ರೆ ತಣ್ಣಗೇ ಇಟ್ಕೊಳ್ಳುತ್ತೆ ಅಂದ್ಲು. ಹಾಗೇ ಮಾಡಿದ್ರು. ನಂಟ ಬುಟ್ಟಿ ಬಿಚ್ಚಿ ನೋಡಿ, ಮುಷ್ಟಿ ತುಂಬ ಹಿಮ ತೆಗೆದು ದ್ರಾಕ್ಷಿ ಪಾನಕಕ್ಕೆ ಹಾಕ್ಕೊಂಡು ಕುಡಿದು, ನಿನ್ನ ಅಳಿಯ ಗಟ್ಟಿಗ ಅಂತ ಹೇಳಿ ಕಳಿಸಿದ್ನಂತೆ.

ಬೇಗನಿಗೆ ಮೈಯೆಲ್ಲ ಉರಿ. ಬೇಸಗೆ ಮುಗೀತಾ ಬಂದಿತ್ತು, ಗುಡಾರ ಕೀಳೋ ಹೊತ್ತು. ಮೂರನೇ ಪಂಥ ಹೇಳಿದ. ನಾವೆಲ್ಲ ಕೆಳಗೆ ಹೋಗ್ತೀವಿ, ನೀನೊಬ್ಬ ಇಲ್ಲೇ ಈ ಕಲ್ಲು ಗುಡಿಸಲಲ್ಲಿ ಚಳಿಗಾಲ ಕಳೀಬೇಕು, ನಮ್ಮ ಕುಲದವರು ಮತ್ತೆ ಮೇಲೆ ಹತ್ತಿ ಬಂದಾಗ ನೀನು ಬದುಕಿದ್ರೆ ಮಾರನೇ ದಿನಾನೇ ಮದುವೆ. ಇದನ್ನ ಕೇಳಿ ಹೆಂಗಸರು ಬಾಯಿ ಮೇಲೆ ಕೈ ಇಟ್ಕೊಂಡ್ರು. ಆ ಬೆಟ್ಟದಲ್ಲಿ ಚಳಿಗಾಲ ಕಳೆದವರು ಯಾರೂ ಇರ್ಲಿಲ್ಲ. ದುರ್ಸುನ್ ಎಲ್ಮಾಸಳ ಮುಖ ನೋಡಿದ. ಅವಳು ಕಣ್ಣೀರು ಹಾಕಲಿಲ್ಲ. ಪ್ರತಿ ಬೆಳಿಗ್ಗೆ ಒಲೆ ಹೊತ್ತಿಸು, ಹೊಗೆ ಕೆಳಗಿನ ತನಕ ಕಾಣುತ್ತೆ, ನಾನು ನೋಡ್ತಿರ್ತೀನಿ ಅಂದ್ಲು. ಬೇಗ ಒಂದಿಷ್ಟು ಹಿಟ್ಟು, ಒಂದು ರಾಶಿ ಬೆರಣಿ ಬಿಟ್ಟು ಹೋದ. ಹೂಂ, ಅಲ್ಲೂ ಬೆರಣಿ ತಟ್ತಾರೆ ಪುಟ್ಟಿ, ಕುರಿ ಗೊಬ್ಬರದ್ದು. ಕೈ ಬಿಗಿ ಹಿಡಿದು ಉರಿಸಿದ್ರೆ ಮಾತ್ರ ಚಳಿಗಾಲ ಪೂರ್ತಿ ಬರೋವಷ್ಟು.

ಹಿಮ ಬಿತ್ತು. ಬಯಲಲ್ಲಿ ಎಲ್ಮಾಸ್ ದಿನಾ ಎದ್ದ ತಕ್ಷಣ ಮುಖ ತೊಳೆಯೋಕೂ ಮುಂಚೆ ಆಚೆ ಬಂದು ಬೆಟ್ಟ ನೋಡೋಳು. ಬಿಳೀ ಬೆಟ್ಟದ ಮೇಲೆ ನೂಲಿನಷ್ಟು ಹೊಗೆ. ಇದ್ದಾನೆ ಅಂದ್ಕೊಂಡು ಹಾಲು ಕರೆಯೋಕೆ ಹೋಗೋಳು. ಹೀಗೇ ದಿನ ಹೋಯ್ತು, ತಿಂಗಳು ಹೋಯ್ತು, ಚಳಿಯ ಬೆನ್ನು ಮುರೀತಾ ಬಂತು. ಜನ ಒಬ್ಬೊಬ್ಬರೇ, ಹುಡುಗ ಗೆದ್ದ ಹಾಗೇ ಅಂತ ಮಾತಾಡೋಕೆ ಶುರುಮಾಡಿದ್ರು. ಅದನ್ನ ಕೇಳಿ ಬೆಕಿರ್‌ಗೆ ತಡೀಲಿಲ್ಲ. ಬೇಟೆಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಬೆಟ್ಟ ಹತ್ತಿದ. ಬೆರಣಿ ರಾಶಿಗೆ ನೀರು ಹುಯ್ದು ಬರೋಣ, ಆಮೇಲೆ ಅವನೇ ಇಳಿದು ಓಡ್ತಾನೆ ಅಂತ ಅವನ ಲೆಕ್ಕ. ಬೆಟ್ಟದ್ದು ಬೇರೆ ಲೆಕ್ಕ ಇತ್ತು. ಗುಡಿಸಲು ಕಣ್ಣಿಗೆ ಬೀಳೋ ಹೊತ್ತಿಗೆ ಹಿಮದ ಬಿರುಗಾಳಿ ಎದ್ದು, ಬೆಕಿರ್ ಹಳ್ಳಕ್ಕೆ ಉರುಳಿ ಕಾಲು ಮುರ್ಕೊಂಡ.

ಇತ್ತ ಎಲ್ಮಾಸ್ ಎದ್ದು ನೋಡ್ತಾಳೆ, ಗಾಳಿ ನಿಂತಿದೆ, ಆಕಾಶ ತೊಳೆದ ಹಾಗಿದೆ, ಹೊಗೆ ದಪ್ಪಗೆ ಹಗ್ಗದ ಹಾಗೆ ಏಳ್ತಿದೆ. ಇಷ್ಟು ಬೆರಣಿ ಯಾಕೆ ಉರಿಸ್ತಿದಾನೆ ಅಂತ ಬೆಟ್ಟ ನೋಡ್ತಾನೇ ನಿಂತ್ಲು. ಮಾರನೇ ಬೆಳಿಗ್ಗೆ ನೋಡಿದ್ರೆ ಹೊಗೇನೇ ಇಲ್ಲ.

ಅವಳು ಬೂದು ಕುದುರೆಗೆ ಜೀನು ಬಿಗಿದ್ಲು. ಅಪ್ಪ ಅಡ್ಡ ಬಂದ. ನೀನು ಹೋದ್ರೆ ಪಂಥ ಮುರಿದ ಹಾಗೆ, ಅವನು ಸೋತ ಹಾಗೆ ಅಂದ. ಎಲ್ಮಾಸ್ ಹೇಳಿದ್ಲು, ಬೆಕಿರಣ್ಣ ಬೇಟೆಗೆ ಅಂತ ಹೋದೋನು ಇನ್ನೂ ಬಂದಿಲ್ಲ, ಅವನ ಹೆಜ್ಜೆ ಬೆಟ್ಟದ ಕಡೆಗೇ ಹೋಗಿತ್ತು ಅಂತ ಕುರಿಯವರು ಹೇಳಿದ್ರು, ನಿಮ್ಮ ಮಗನೂ ಪಂಥ ಕಟ್ಟಿದಾನಾ ಅಪ್ಪಾ? ಅಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಇಲ್ಯಾಸ್ ಗುದ್ದಲಿ ಹೆಗಲಿಗೆ ಹಾಕ್ಕೊಂಡು ನಾನೂ ಬರ್ತೀನಿ ನಡಿ ತಂಗ್ಯವ್ವಾ ಅಂದ.

ಹತ್ತಿದ್ರು. ಕುದುರೆ ಎದೆ ಮಟ್ಟ ಹಿಮದಲ್ಲಿ ಮುಳುಗೋದು, ಇಲ್ಯಾಸ್ ಅಗೆಯೋನು, ಎಲ್ಮಾಸ್ ಅದರ ಕುತ್ತಿಗೆ ತಬ್ಬಿ ದುರ್ಸುನನ ಹಾಡು ಹಾಡೋಳು, ಅದು ಮತ್ತೆ ಹೆಜ್ಜೆ ಎತ್ತೋದು. ಸಂಜೆ ಬಿಸಿಲು ಇರುವಾಗ್ಲೇ ಗುಡಿಸಲು ಮುಟ್ಟಿದ್ರು. ನೋಡಿದ್ರೆ ಬಾಗಿಲೇ ಇಲ್ಲ, ಬಾಗಿಲನ್ನೂ ಒಡೆದು ಉರಿಸಿಬಿಟ್ಟಿದಾನೆ. ಒಳಗೆ ಎರಡು ಕಂಬಳಿ ಹೊದ್ದು ಮಲಗಿರೋನು ಬೆಕಿರ್. ಬರೀ ಅಂಗೀಲಿ ಗೋಡೆಗೆ ಒರಗಿರೋನು ದುರ್ಸುನ್.

ಬೆಕಿರ್ ಮಗು ಹಾಗೆ ಅಳ್ತಾ ಹೇಳಿದ್ನಂತೆ, ನಾನು ಕೂಗಿದ್ದು ಕೇಳಿ ಗಾಳೀಲಿ ಬಂದು ಹಳ್ಳದಿಂದ ಹೊತ್ಕೊಂಡು ಬಂದ ತಂಗೀ, ನಾನು ಸಾಯ್ತೀನಿ ಅಂತ ಬೆರಣಿ ಎಲ್ಲ ಉರಿಸಿದ, ನಾನು ಯಾಕೆ ಬಂದೆ ಅಂತ ಹೇಳಿದ ಮೇಲೂ ಅವನ ಕಂಬಳಿ ತೆಗೆದು ನನ್ನ ಮೇಲೇ ಹೊದಿಸಿದ.

ಎಲ್ಮಾಸ್ ದುರ್ಸುನನ ಕೈ ಹಿಡ್ಕೊಂಡ್ಲು. ಕೈ ಕಲ್ಲಾಗಿತ್ತು, ಉಸಿರು ಎಳೆಯಷ್ಟಿತ್ತು. ಅವನು ಕಣ್ಣು ಬಿಟ್ಟು, ಹೊಗೆ ನಿಂತೋಯ್ತು ಎಲ್ಮಾಸ್, ಸೋತೆ ಅಂದ. ಅವಳು ಅವನನ್ನ ಎಬ್ಬಿಸಿ ಎದೆಗೆ ಒರಗಿಸ್ಕೊಂಡು, ಎಲ್ಲರಿಗೂ ಕೇಳೋ ಹಾಗೆ ಹೇಳಿದ್ಲಂತೆ, ಅಪ್ಪ ಏನಂದಿದ್ರು ನೆನಪಿದೆಯಾ, ನಮ್ಮ ಕುಲದವರು ಮೇಲೆ ಹತ್ತಿ ಬಂದಾಗ ನೀನು ಬದುಕಿರಬೇಕು ಅಂತ ಅಲ್ವಾ? ನಾನು ಆ ಕುಲದವಳೇ. ಹತ್ತಿ ಬಂದಿದೀನಿ. ನೀನು ಬದುಕಿದೀಯ. ಮೂರನೇದೂ ಗೆದ್ದೆ ಕಣೋ.

ಆಮೇಲೆ ಅಣ್ಣಂದಿರ ಕಡೆ ತಿರುಗಿ, ಮದುವೆಗೆ ಇಬ್ಬರು ಸಾಕ್ಷಿ ಬೇಕು, ನೀವಿಬ್ಬರೂ ಇದೀರಿ ಅಂದ್ಲು. ಇಲ್ಯಾಸ್ ದೇವರ ಹೆಸರು ಹೇಳಿ ಕೇಳಿದ, ನೀನು ಇವನನ್ನ ಒಪ್ತೀಯಾ? ಒಪ್ಪಿದೆ ಅಂದ್ಲು. ನೀನು ಇವಳನ್ನ ಒಪ್ತೀಯಾ? ದುರ್ಸುನ್ ನಕ್ಕ. ಒಪ್ಪಿದೆ ಅಂದ. ಅಷ್ಟು ಹೇಳಿ ಅವಳ ಎದೆ ಮೇಲೆ ತಲೆ ಇಟ್ಟೋನು ಮತ್ತೆ ಎತ್ತಲಿಲ್ಲ.

ಇಲ್ಲ ಪುಟ್ಟಿ, ಏಳಲಿಲ್ಲ. ಅಮೃತ ತಂದು ಹುಯ್ಯೋರು ಯಾರೂ ಬರಲಿಲ್ಲ. ಎಬ್ಬಿಸಿ ಕತೆ ಹೇಳಬಹುದಿತ್ತು, ಆದ್ರೆ ನಡೆದದ್ದು ಹಾಗಲ್ಲ. ಕಣ್ಣು ಒರೆಸ್ಕೋ, ಇನ್ನೂ ಇದೆ ಕೇಳು.

ಬೆಕಿರ್‌ನನ್ನ ಬೂದು ಕುದುರೆ ಮೇಲೆ ಹಾಕಿ ಕೆಳಗಿಳಿಸಿದ್ರು. ಅವನು ಅಪ್ಪನ ಕಾಲ ಹತ್ರ ತನ್ನ ರುಮಾಲು ತೆಗೆದಿಟ್ಟು, ಅವನು ಗೆದ್ದ ಅಪ್ಪಾ, ಸೋತದ್ದು ನಾವು ಅಂದ್ನಂತೆ. ಎಲ್ಮಾಸ್ ಬಯ್ಯಲಿಲ್ಲ, ಎದೆ ಬಡ್ಕೊಳ್ಳಲಿಲ್ಲ. ನಾನೀಗ ದುರ್ಸುನನ ಹೆಂಡತಿ, ನನ್ನ ಮನೆ ಮೇಲಿದೆ, ಹೋಗ್ತೀನಿ ಅಂದ್ಲು. ಹೋದ್ಲು ಕೂಡ. ಗುಡಿಸಲ ಪಕ್ಕದಲ್ಲೇ ಅವನನ್ನ ಮಣ್ಣು ಮಾಡಿದ್ರು. ಆಮೇಲೆ ಅವಳು ಬಾಗಿಲು ಕೂರಿಸಿದ್ಲು, ಸೂರು ಎತ್ತರಿಸಿದ್ಲು, ಬೇಸಗೆ ಪೂರ್ತಿ ಬೆರಣಿ ತಟ್ಟಿ ಮನೆಗಿಂತ ಎತ್ತರ ಒಟ್ಟಿದ್ಲು. ಕುಲ ಕೆಳಗಿಳಿದಾಗ ಅವಳು ಇಳೀಲಿಲ್ಲ. ಬೆಟ್ಟ ದಾಟೋವಾಗ ಹಿಮಕ್ಕೆ ಸಿಕ್ಕಿ ಸಾಯೋರು ಆಗ ಎಷ್ಟೋ ಜನ. ಈಗ ಅವರೆಲ್ಲ ಹೊಗೆ ನೋಡ್ಕೊಂಡು ಬಂದು ಬಾಗಿಲು ತಟ್ಟೋರು. ಒಂಟೆಯವರು ಬಂದ್ರು, ದಾರಿ ತಪ್ಪಿದ ಸಿಪಾಯಿ ಬಂದ, ಒಂದು ಸಲ ತುಂಬು ಬಸುರಿ ಬಂದು ಅಲ್ಲೇ ಹೆತ್ತಳಂತೆ. ಕುಂಟು ಕಾಲಿನ ಬೆಕಿರ್ ಬದುಕಿರೋ ತನಕ ಅವಳಿಗೆ ಸೌದೆ ಹೊತ್ತ.

ಒಂದು ದಿನ ತುರ್ಗುತ್ ಬೇಗ ಬಂದ. ದೂರದಲ್ಲೇ ಕುದುರೆ ಇಳಿದು ನಡ್ಕೊಂಡು ಬಂದ. ಹೊಸ್ತಿಲ ಹತ್ರ ನಿಂತು, ಮಗಳೇ ಅಂದ. ಎಲ್ಮಾಸ್ ಕೈ ಹಿಡಿದು ಒಲೆ ಮುಂದೆ ಕೂರಿಸಿ, ಮೊಸರು ಹಾಕಿ ಕಾಯಿಸಿದ ಬಿಸಿ ಅಂಬಲಿ ಕೊಟ್ಲು. ಕುಡಿದ ಮೇಲೆ ಅವನು ಕೇಳಿದ, ನೀನಿನ್ನೂ ಚಿಕ್ಕವಳು, ಕೆಳಗೆ ಬಾ, ನಿನ್ನನ್ನ ಕೇಳಿ ಮದುವೆ ಮಾಡ್ತೀನಿ. ಅದಕ್ಕೆ ಅವಳು, ನನಗೆ ಮದುವೆ ಆಗಿದೆ ಅಪ್ಪಾ, ಉಳಿದ ಹುಡುಗೀರನ್ನ ಕೇಳಿ ಅಂದ್ಲಂತೆ. ಅವತ್ತಿಂದ ಆ ಕುಲದಲ್ಲಿ ಹುಡುಗಿ ಬಾಯಲ್ಲಿ ಒಪ್ಪಿದೆ ಅಂತ ಬರದೆ ಒಂದು ಮದುವೇನೂ ಆಗಲಿಲ್ಲ.

ಎಲ್ಮಾಸ್ ಹಣ್ಣು ಮುದುಕಿ ಆಗೋ ತನಕ ಬಾಳಿದ್ಲು. ಅವಳು ತೀರ್ಕೊಂಡಾಗ ಬೆಟ್ಟದ ಈ ಕಡೆಯಿಂದ, ಆ ಕಡೆಯಿಂದ ಜನ ಹತ್ತಿ ಬಂದ್ರು, ಇವಳ ಒಲೆ ಮುಂದೆ ಜೀವ ಉಳಿಸ್ಕೊಂಡೋರು, ಅವರ ಮಕ್ಕಳು, ಮೊಮ್ಮಕ್ಕಳು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಅವಳನ್ನ ದುರ್ಸುನನ ಪಕ್ಕ ಮಲಗಿಸಿದ್ರಂತೆ. ಅವತ್ತು ಸಂಜೆ, ಅಲ್ಲೇ ಹುಟ್ಟಿದ ಆ ಮಗು ಇತ್ತಲ್ಲ, ಅವಳೀಗ ದೊಡ್ಡ ಹೆಂಗಸು, ಯಾರೂ ಹೇಳದೇನೇ ಒಳಗೆ ಹೋಗಿ ಒಲೆಗೆ ಬೆರಣಿ ಇಟ್ಟು ಊದಿದ್ಲಂತೆ.

ಅವರು ಬೆಟ್ಟದ ಮೇಲೆ, ನಾವು ಹಾಸಿಗೆ ಮೇಲೆ. ಕತೆ ಆಯ್ತು, ಮಲ್ಕೋ ಕಂದಾ.