ಸಾರಿಗೆ ಕಟ್ಟೆ ಕಟ್ಟಿದ ದೊರೆ

ಅಂದು ಹಬ್ಬವೂ ಅಲ್ಲ, ಹುಣ್ಣಿಮೆಯೂ ಅಲ್ಲ. ಸುಮ್ಮನೆ ಒಂದು ಮಂಗಳವಾರ. ಕೊಪ್ಪರಿಗೆಪುರವೆಂಬ ರಾಜ್ಯದಲ್ಲಿ ಮಾರಭೂಪನೆಂಬ ದೊರೆ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಮುಂದೆ ಬಾಳೆಲೆ. ನಡುವೆ ಅನ್ನ, ಮೇಲ್ಗಡೆ ಹುರುಳಿಕಾಯಿ ಪಲ್ಯ, ಬಲಗಡೆಯ ಮೂಲೆಯಲ್ಲಿ ಪಾಯಸ. ಅನ್ನದ ಮೇಲೆ ಸಾರು ಬಿತ್ತು. ಬಿದ್ದ ಸಾರು ಸುಮ್ಮನಿರಲಿಲ್ಲ. ಅನ್ನದ ಅಡಿಗೆ ನುಸುಳಿತು, ಎಲೆಯ ದಂಟಿನ ಗುಂಟ ಓಡಿತು, ಹೋಗಿ ಪಾಯಸದೊಳಗೆ ಸೇರಿಕೊಂಡಿತು.

ಬಾಳೆಲೆಯಲ್ಲಿ ಉಂಡವರಿಗೆಲ್ಲ ಇದು ಗೊತ್ತು. ಸಾರಿನ ಸ್ವಭಾವವೇ ಅದು. ದೊರೆಗೂ ಗೊತ್ತಿತ್ತು. ರಾಣಿ ಬದುಕಿದ್ದಾಗಲೂ ಸಾರು ದಿನಾ ಓಡುತ್ತಿತ್ತು. "ಅದನ್ನೇನು ನೋಡ್ತೀರಿ, ಬೇಗ ಕಲಸಿ" ಎನ್ನುತ್ತಿದ್ದಳು ರಾಣಿ. ದೊರೆ ಕಲಸುತ್ತಿದ್ದ. ರಾಣಿ ತೀರಿಕೊಂಡು ಒಂದು ವರ್ಷವಾಗಿತ್ತು. ಈಗ ಹಾಗೆ ಹೇಳುವವರು ಯಾರೂ ಇರಲಿಲ್ಲ. ದೊರೆ ಓಡುವ ಸಾರನ್ನು ನೋಡುತ್ತ ಕೂತ.

ಪಕ್ಕದ ಎಲೆಗೆ ಕೂತಿದ್ದವನು ಶೇಷಪ್ಪಯ್ಯ. ಒಂದು ಹೊತ್ತಿನ ಊಟ ಸಿಕ್ಕರೆ ಸಾಕೆಂದು ಅರಮನೆಗೆ ಬಂದಿದ್ದ ಪರವೂರಿನವನು. ಹಂಚಿಕಡ್ಡಿಯಂತೆ ತೆಳ್ಳಗಿದ್ದ. ಅವನು ಗಂಟಲು ಸರಿಮಾಡಿಕೊಂಡ.

"ದೊರೆಗಳು ತಪ್ಪು ತಿಳೀಬಾರದು. ಒಂದು ಸೌಟು ಸಾರೇ ತಮ್ಮ ಮಾತು ಕೇಳದಿದ್ದ ಮೇಲೆ ಪ್ರಜೆಗಳು ಕೇಳ್ತಾರೆಯೇ?"

ದೊರೆ ಯೋಚಿಸಿದ. ಸಾರು ನಿಜಕ್ಕೂ ತನ್ನ ಮಾತು ಕೇಳುತ್ತಿರಲಿಲ್ಲ.

"ಹಾಗಾದರೆ ಏನು ಮಾಡೋಣ?"

"ಎಲ್ಲವೂ ಅದರದರ ಜಾಗದಲ್ಲಿರಬೇಕು. ಒಂದಕ್ಕೊಂದು ತಾಕಬಾರದು. ಪಂಕ್ತಿಯಲ್ಲಿ ಒಂದೇ ಒಂದು ಎಲೆಯಲ್ಲಿ ದೋಷವಿದ್ದರೂ ಯಾರೂ ಕೈ ಹಾಕಬಾರದು. ಎಲೆ ನೆಟ್ಟಗಾದರೆ ರಾಜ್ಯ ನೆಟ್ಟಗಾದ ಹಾಗೆ. ನೋಡಿಕೊಳ್ಳೋಕೆ ಒಬ್ಬ ಮನುಷ್ಯ ಬೇಕು, ಅಷ್ಟೆ."

ಆ ಮನುಷ್ಯ ಯಾರೆಂದು ನಾನು ಹೇಳಬೇಕಾಗಿಲ್ಲ. ಶೇಷಪ್ಪಯ್ಯ ಅಂದೇ ಅರಮನೆಯ ಎಲೆ ಪಾರುಪತ್ತೇಗಾರನಾದ. ಕೈಗೊಂದು ದಾರದುಂಡೆ ಕೊಟ್ಟರು. ಊಟಕ್ಕೆ ಮೊದಲು ದಾರ ಹಿಡಿದು ಪ್ರತಿ ಎಲೆಯನ್ನೂ ಅಳೆಯುವುದು ಅವನ ಕೆಲಸ. ಕೋಸಂಬರಿಯಿಂದ ಪಲ್ಯಕ್ಕೆ ಎಷ್ಟು, ಪಲ್ಯದಿಂದ ಗೊಜ್ಜಿಗೆ ಎಷ್ಟು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ "ದೋಷ" ಎನ್ನುತ್ತಿದ್ದ. ಆ ಎಲೆಯನ್ನು ಬಡಿಸಿದ್ದರ ಸಮೇತ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದ. ದೋಷದ ಪರೀಕ್ಷೆಗೆ. ಬಾಗಿಲು ಮುಚ್ಚುತ್ತಿತ್ತು. ಪಂಕ್ತಿಯವರು ಕೈಕಟ್ಟಿ ಕಾಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಹೊರಬಂದು, "ಭಾರಿ ದೋಷ" ಎಂದು ತಲೆ ಅಲ್ಲಾಡಿಸುತ್ತಿದ್ದ. ಒಮ್ಮೆ ಹಾಗೆ ಹೇಳುವಾಗ ಉದ್ದನೆಯ ತೇಗು ಬಂತು.

"ಏನದು?" ಎಂದು ದೊರೆ ಕೇಳಿದ.

"ದುಃಖ, ದೊರೆಗಳೇ."

ಇಷ್ಟಾದರೂ ಸಾರು ಓಡುವುದನ್ನು ಬಿಡಲಿಲ್ಲ. ಮೊದಲು ದೊರೆ ಬಡಿಸುವವರನ್ನು ಬದಲಾಯಿಸಿದ. ಉಸಿರು ಬಿಗಿಹಿಡಿದು ತೊಟ್ಟುತೊಟ್ಟಾಗಿ ಬಡಿಸುವವರನ್ನು ತಂದ. ಸಾರು ತೊಟ್ಟುತೊಟ್ಟಾಗಿ ಓಡಿತು. ಆಮೇಲೆ ಕೆರೆ ಏರಿ ಕಟ್ಟುವವರನ್ನು ಕರೆಸಿ, ಎಲೆಎಲೆಯ ಮೇಲೂ ರಾಗಿಹಿಟ್ಟು ಕಲಸಿ ಅನ್ನದ ಸುತ್ತ ಕಟ್ಟೆ ಕಟ್ಟಿಸಿದ. ಅವರು ಅಭ್ಯಾಸಬಲದಿಂದ ಕಟ್ಟೆಗೊಂದು ತೂಬು ಇಟ್ಟರು. ಸಾರು ತೂಬಿನಲ್ಲಿ ಓಡಿತು. ಕೊನೆಗೆ ನೆಲವೇ ಓರೆಯಾಗಿದೆ ಎಂದು ಊಟದ ಚಾವಡಿಯನ್ನು ಅಗೆಸಿ ಮಟ್ಟಸ ಮಾಡಿಸಿದ. ಅಲ್ಲಿಯವರೆಗೆ ಒಂದೇ ಕಡೆಗೆ ಓಡುತ್ತಿದ್ದ ಸಾರು ಈಗ ನಾಲ್ಕೂ ಕಡೆಗೆ ಓಡಿತು.

ಅರಮನೆಯವರು ಬಡಕಲಾದರು. ಹೊತ್ತು ಇಳಿದ ಮೇಲೆ ಆರಿದ ಅನ್ನ ನಾಲ್ಕು ತುತ್ತು ಸಿಕ್ಕರೆ ಅದೇ ಹಬ್ಬ. ಮಂತ್ರಿ ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡೇ ಸಲಹೆ ಕೊಡುತ್ತಿದ್ದ. ಸೇನಾಪತಿ ಕತ್ತಿ ಎತ್ತಿದರೆ ಕತ್ತಿಯೇ ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ದೊರೆಯ ಕಿರೀಟ ಜಾರಿ ಮೂಗಿನ ಮೇಲೆ ಕೂರುತ್ತಿತ್ತು. ಶೇಷಪ್ಪಯ್ಯನ ಉಡಿದಾರವನ್ನು ಮಾತ್ರ ಮೂರು ಸಲ ಉದ್ದ ಮಾಡಬೇಕಾಯಿತು.

"ಊದಿಕೊಂಡಿದ್ದೇನೆ. ಇಷ್ಟು ದೋಷ ನೋಡಿದರೆ ಯಾರು ತಾನೆ ಊದಿಕೊಳ್ಳಲ್ಲ?" ಎನ್ನುತ್ತಿದ್ದ.

ಹೀಗಿರುವಾಗ ದೊರೆಯ ಮಗಳು ಕೆಂಚಾಂಬೆಗೆ ಮದುವೆ ಗೊತ್ತಾಯಿತು. ಹುಡುಗ ಹೊಳೆಯಾಚೆಯ ರಾಜ್ಯದ ಬೊಮ್ಮರಸ. ಅವಳಿಗೆ ಅವನೆಂದರೆ ಇಷ್ಟ, ಅವನಿಗೆ ಅವಳೆಂದರೆ ಇಷ್ಟ. ತೊಂದರೆ ಇದ್ದದ್ದು ಊಟದಲ್ಲಿ. ಆ ಸೀಮೆಯ ಪದ್ಧತಿ ಹೀಗೆ: ಧಾರೆ ಎರೆದರೆ ಮದುವೆ ಮುಗಿಯಲಿಲ್ಲ. ಬೀಗರು ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಉಂಡು, ಎಲೆಯ ಮೇಲಿನ ಅರ್ಧವನ್ನು ತಮ್ಮ ಕಡೆಗೆ ಮಡಚಬೇಕು. ಮಡಚಿದರೆ ಊಟ ತೃಪ್ತಿ, ಸಂಬಂಧ ಗಟ್ಟಿ. ಮಡಚದೆ ಎದ್ದರೆ ಮದುವೆ ಮುರಿದ ಹಾಗೆ.

ಮದುವೆಯ ಹಿಂದಿನ ದಿನ ಕೆಂಚಾಂಬೆ ಕೊಟ್ಟಿಗೆಗೆ ಹೋಗಿ ತುಂಬೆ ಎಂಬ ಹಸುವಿನ ಕೊರಳು ತುರಿಸುತ್ತ ನಿಂತಳು. ಆ ಕಾಲದಲ್ಲಿ ಹಸುಗಳು ಮಾತಾಡುತ್ತಿದ್ದವು, ಬಾಯಿ ಖಾಲಿಯಿದ್ದರೆ.

"ಯಾಕೆ ತಾಯಿ, ಮದುವಣಗಿತ್ತಿ ಮುಖ ಹೀಗಿದೆ?" ಎಂದಿತು ತುಂಬೆ.

"ನಾಳೆ ಬೀಗರು ಉಪವಾಸ ಎದ್ದು ಹೋಗ್ತಾರೆ ಕಣೆ. ಶೇಷಪ್ಪಯ್ಯ ಒಂದು ಎಲೆಯನ್ನೂ ಒಪ್ಪಲ್ಲ. ದಿನಾ ಎಷ್ಟು ಊಟ ಹಾಳು, ನಿನಗೇ ಗೊತ್ತಲ್ಲ. ಆ ಎಲೆ ಎಲ್ಲ ನಿನಗೇ ತಾನೆ ಬರೋದು?"

"ಹೂಂ. ಹಿಂದಿನ ಕೋಣೆ ಕಿಟಕಿಯಿಂದ ದಿನಾ ಬೀಳ್ತವೆ. ಒಂದರಲ್ಲೂ ಒಂದು ಅಗುಳಿರಲ್ಲ. ಒರೆಸಿಟ್ಟ ಹಾಗಿರ್ತವೆ. ನೆಟ್ಟಗೆ ಮಡಚಿರ್ತಾರೆ ಬೇರೆ."

"ಅವು ಯಾರೂ ಉಣ್ಣದ ಎಲೆ ಕಣೆ."

"ಉಣ್ಣದ ಎಲೆಯನ್ನ ಯಾರಮ್ಮ ಮಡಚ್ತಾರೆ?"

ಕೆಂಚಾಂಬೆಯ ಕೈ ನಿಂತಿತು.

"ಇದನ್ನ ಮೊದಲೇ ಹೇಳೋದಲ್ವಾ?"

"ಬಾಯಲ್ಲಿ ಎಲೆ ಇರ್ತಿತ್ತು" ಎಂದಿತು ತುಂಬೆ.

ಕೆಂಚಾಂಬೆ ತಂದೆಯ ಹತ್ತಿರ ಓಡಲಿಲ್ಲ. ಎಲೆಯ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಕಾವಲುಗಾರರು ತಿಂದರು ಎಂದು ಶೇಷಪ್ಪಯ್ಯ ಹೇಳಿದರೆ ಮುಗಿಯಿತು. ಅವಳು ತುಂಬೆಯ ಕಿವಿಯಲ್ಲಿ ಏನೋ ಹೇಳಿ, ರಾತ್ರಿ ಬೇಗನೆ ಮಲಗಿ, ಚೆನ್ನಾಗಿ ನಿದ್ದೆ ಮಾಡಿದಳು.

ಮರುದಿನ ಧಾರೆಯಾಯಿತು. ಬೀಗರ ಪಂಕ್ತಿ ಕೂತಿತು. ಮೊದಲ ಎಲೆ ಬೊಮ್ಮರಸನ ತಾಯಿ ದ್ಯಾವಮ್ಮಾಜಿಯದು. ದೊಡ್ಡ ಮೈ, ದೊಡ್ಡ ಮೂಗುತಿ, ದೊಡ್ಡ ಹಸಿವು. ಬಡಿಸಿದ್ದಾಯಿತು. ಶೇಷಪ್ಪಯ್ಯ ದಾರ ಹಿಡಿದು ಬಂದ. "ದೋಷ" ಎಂದು ಒಂದಷ್ಟು ಎಲೆ ಎತ್ತಿಕೊಂಡು ಕೋಣೆಗೆ ಹೋದ. ಬಹಳ ಹೊತ್ತಿಗೆ ಬಂದ.

"ಬೀಗರೇ, ನಮ್ಮನ್ನ ಊಟಕ್ಕೆ ಕರೆದಿರೋ, ಎಲೆ ನೋಡೋಕೆ ಕರೆದಿರೋ?" ಎಂದಳು ದ್ಯಾವಮ್ಮಾಜಿ.

ಮತ್ತೆ ಬಡಿಸಿದರು. ಮತ್ತೆ ದೋಷ. ಮತ್ತೊಂದಷ್ಟು ಎಲೆ ಕೋಣೆಗೆ ಹೋದವು.

"ನಮ್ಮೂರಲ್ಲಿ ದನಕ್ಕೂ ಹೀಗೆ ತೋರಿಸಿ ತೋರಿಸಿ ಕಿತ್ತುಕೊಳ್ಳಲ್ಲಪ್ಪ."

ಮೂರನೆಯ ಸಲ ಬಡಿಸಿದರು. ಮೂರನೆಯ ಸಲವೂ ದೋಷ. ಶೇಷಪ್ಪಯ್ಯ ಕೋಣೆಯಿಂದ ಹೊರಬರುವಾಗ ಗೋಡೆ ಹಿಡಿದುಕೊಂಡು ಬಂದ. ದ್ಯಾವಮ್ಮಾಜಿ ನೆಲಕ್ಕೆ ಕೈಯೂರಿದಳು.

"ಬೊಮ್ಮ, ಏಳು. ಈ ಮನೆ ಸಂಬಂಧ ಸಾಕು."

"ಅಮ್ಮಾಜಿ, ಇನ್ನೊಂದು ಸ್ವಲ್ಪ..."

"ಏಳು ಅಂದೆ."

ಬೊಮ್ಮರಸ ಅರ್ಧ ಎದ್ದ. ಪೂರ್ತಿ ಏಳಲು ಮನಸ್ಸಿಲ್ಲ, ಕೂರಲು ಧೈರ್ಯವಿಲ್ಲ. ಬಾಗಿಕೊಂಡೇ ನಿಂತ.

ಆಗ ಕೆಂಚಾಂಬೆ ಎದ್ದಳು. "ಅತ್ತೆಮ್ಮ, ಒಂದು ಗಳಿಗೆ ತಡೀರಿ. ನಮ್ಮ ಎಲೆಗಳಲ್ಲಿ ಎಂಥ ದೋಷ ಇತ್ತು ಅಂತ ನೋಡಿಕೊಂಡಾದರೂ ಹೋಗಿ."

"ಅವೆಲ್ಲ ಹಸುವಿಗೆ ಹೋದವಲ್ಲ" ಎಂದ ಶೇಷಪ್ಪಯ್ಯ.

"ಹಸುವೇ ತರುತ್ತೆ."

ತುಂಬೆ ಬಾಯಲ್ಲಿ ಒಂದು ಎಲೆ ಕಚ್ಚಿಕೊಂಡು ಮೆಲ್ಲಗೆ ಒಳಗೆ ಬಂತು. ದೊರೆಯ ಮುಂದೆ ಇಟ್ಟಿತು. ಮಡಚಿದ ಎಲೆ. ಪಂಕ್ತಿಯವರೆಲ್ಲ ಕತ್ತು ಉದ್ದ ಮಾಡಿದರು. ಮಡಚಿದ ಎಲೆಯ ಅರ್ಥ ಎಲ್ಲರಿಗೂ ಗೊತ್ತು.

"ಯಾರೋ ಕಾವಲುಗಾರರು ತಿಂದಿದ್ದಾರೆ" ಎಂದ ಶೇಷಪ್ಪಯ್ಯ.

"ನಾನೂ ಅದನ್ನೇ ಅಂದುಕೊಂಡೆ" ಎಂದಳು ಕೆಂಚಾಂಬೆ. "ನೀವಾಗಿದ್ದರೆ ಹೀಗೆ ಮಡಚ್ತಿದ್ದಿರಾ? ಎಡಗಡೆ ನೋಡಿ, ಸೊಟ್ಟ."

ಶೇಷಪ್ಪಯ್ಯನ ಕಿವಿ ಕೆಂಪಾಯಿತು.

"ಬಲಗಡೆಯೂ ಸೊಟ್ಟ."

ಅವನ ಕೈಯಲ್ಲಿ ದಾರದುಂಡೆ ಚಪ್ಪಟೆಯಾಯಿತು.

"ನಡುವೆ ಸುಕ್ಕು ಬೇರೆ. ಪಾಪ, ಮಡಚೋಕೆ ಬರದ ಯಾರೋ ಹೊಸಬ."

"ಸುಕ್ಕೇ?" ಎಂದ ಶೇಷಪ್ಪಯ್ಯ. "ನಾನು ಮಡಚಿದ್ದರಲ್ಲಿ ಸುಕ್ಕೇ? ದಾರ ಹಿಡಿದು ನೋಡಿ. ಬೆಳಗ್ಗೆಯಿಂದ ಹತ್ತು ಎಲೆ ಮಡಚಿದ್ದೇನೆ. ಒಂದರಲ್ಲಿ ಸುಕ್ಕು ತೋರಿಸಿ ನೋಡೋಣ."

ಚಾವಡಿಯಲ್ಲಿ ತುಂಬೆ ಮೆಲುಕು ಹಾಕುವ ಸದ್ದೊಂದೇ ಕೇಳುತ್ತಿತ್ತು.

"ಹತ್ತೇ?" ಎಂದ ದೊರೆ.

ಶೇಷಪ್ಪಯ್ಯ ತುಟಿ ಕಚ್ಚಿಕೊಂಡ. ತಡೆಯಲಾಗಲಿಲ್ಲ. "ಹನ್ನೊಂದು" ಎಂದ.

ಕಾವಲುಗಾರರು ಮುಂದೆ ಬಂದರು. ದೊರೆ ಕೈಯೆತ್ತಿ ತಡೆದ. "ಉಂಡವನು ಇವನು ಸರಿ. ಹಸಿದವರ ಮುಂದಿನಿಂದ ಎಲೆ ಎತ್ತೋಕೆ ಒಪ್ಪಿಗೆ ಕೊಟ್ಟವನು ನಾನು" ಎಂದ. ಆಮೇಲೆ ಕಿರೀಟ ತೆಗೆದು ಪಕ್ಕಕ್ಕಿಟ್ಟ, ಸೌಟು ಕೈಗೆ ತೆಗೆದುಕೊಂಡ. ಹೊಸ ಎಲೆ ಹಾಕಿಸಿ ದ್ಯಾವಮ್ಮಾಜಿಗೆ ತಾನೇ ಸಾರು ಬಡಿಸಿದ. ದೊರೆಗೆ ಬಡಿಸಿ ಅಭ್ಯಾಸವಿಲ್ಲ. ಅರ್ಧ ಸಾರು ಅನ್ನದ ಮೇಲೆ, ಅರ್ಧ ಆಕೆಯ ಸೀರೆಯ ಮೇಲೆ ಬಿತ್ತು. ಎಲೆಯ ಮೇಲೆ ಬಿದ್ದದ್ದು ಎಂದಿನಂತೆ ಪಾಯಸದ ಕಡೆಗೆ ಓಡಿತು. ದೊರೆಯ ಸೌಟು ಗಾಳಿಯಲ್ಲೇ ನಿಂತಿತು.

"ಅದನ್ನೇನು ನೋಡ್ತೀರಿ, ಬೀಗರೇ," ಎಂದಳು ದ್ಯಾವಮ್ಮಾಜಿ. "ನನಗೆ ಹಸಿವು. ಮುಂದೆ ಬಡಿಸಿ."

ದೊರೆ ಮತ್ತೆ ಬಡಿಸಿದ. ಆಮೇಲೆ ಆಕೆಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತ. ಸಾರು ಸೇರಿದ ಪಾಯಸವನ್ನು ಬೆರಳಲ್ಲಿ ತೆಗೆದು ನೆಕ್ಕಿದ.

"ಹೇಗಿದೆ ಅಪ್ಪಾಜಿ?" ಎಂದಳು ಕೆಂಚಾಂಬೆ.

"ಅಷ್ಟೇನೂ ಚೆನ್ನಾಗಿಲ್ಲ" ಎಂದ ದೊರೆ. "ಆದರೆ ಬಿಸಿಯಾಗಿದೆ."

ಶೇಷಪ್ಪಯ್ಯನಿಗೆ ಸೆರೆಮನೆಯಾಗಲಿಲ್ಲ. ಅದೇ ಪಂಕ್ತಿಯಲ್ಲಿ ಅವನಿಗೂ ಎಲೆ ಹಾಕಿದರು. ಮದುವೆ ಮನೆಯ ಉಪಚಾರ, ಬೇಡ ಎನ್ನುವ ಹಾಗಿಲ್ಲ. ಎಲ್ಲರ ಊಟ ಮುಗಿಯುವವರೆಗೆ ಏಳುವ ಹಾಗೂ ಇಲ್ಲ. ಕೆಂಚಾಂಬೆಯೇ ಹೋಳಿಗೆಯ ಬುಟ್ಟಿ ಹಿಡಿದು ಬಂದಳು. "ಒಂದು ಹಾಕಿಸಿಕೊಳ್ಳಿ" ಎಂದು ಹಾಕಿದಳು. "ಒಂಟಿ ಆಗುತ್ತೆ" ಎಂದು ಇನ್ನೊಂದು ಹಾಕಿದಳು. "ದೋಷ ಪರೀಕ್ಷೆ ಮಾಡಿ" ಎಂದು ಮತ್ತೊಂದು ಹಾಕಿದಳು. ಹನ್ನೊಂದು ಎಲೆ ಉಂಡಿದ್ದ ಶೇಷಪ್ಪಯ್ಯ ಹೋಳಿಗೆಗಳನ್ನು ನೋಡುತ್ತ ಅತ್ತುಬಿಟ್ಟ. ಸಂಜೆ ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಗಡಿ ದಾಟಿಸಬೇಕಾಯಿತು.

ದ್ಯಾವಮ್ಮಾಜಿ ಮಜ್ಜಿಗೆಯವರೆಗೂ ಉಂಡಳು. ಎಲೆಯನ್ನು ತನ್ನ ಕಡೆಗೆ ಮಡಚಿದಳು. ಬಹಳ ಸೊಟ್ಟಗೆ ಮಡಚಿದಳು. ಬೊಮ್ಮರಸ ನಿಟ್ಟುಸಿರು ಬಿಟ್ಟ. ಮದುವೆ ಗಟ್ಟಿಯಾಯಿತು.

ಮಕ್ಕಳೇ, ಈ ಕಥೆಯ ನೀತಿ ಇಷ್ಟು. ಎಲ್ಲವೂ ಅದರದರ ಜಾಗದಲ್ಲಿ ಕೂತ ಮೇಲೆ ಉಣ್ಣುತ್ತೇನೆ ಎನ್ನುವವನು ಆರಿದ್ದನ್ನು ಉಣ್ಣುತ್ತಾನೆ, ಇಲ್ಲವೇ ಅವನ ಊಟವನ್ನು ಬೇರೆ ಯಾರೋ ಉಣ್ಣುತ್ತಾರೆ. ಓಡುವುದು ಓಡಲಿ. ಬಿಸಿಯಿರುವಾಗ ಉಣ್ಣಿ, ಪಕ್ಕದವರಿಗೂ ಬಡಿಸಿ.

ಅಂದಿನ ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.